ರಾಗಿಕಾಳಿನಷ್ಟು ಬೂಷ್ಟು

ಆಗ ನನಗೆ ಐವತ್ತೊಂಬತ್ತು. ಈಗ ಅರವತ್ತೆಂಟು. ಅಂದರೆ ಒಂಬತ್ತು ವರ್ಷದ ಹಿಂದಿನ ಮಾತು.

ಗೊಟ್ಟಿಗೆರೆಯಲ್ಲಿ, ಬನ್ನೇರುಘಟ್ಟ ರಸ್ತೆಯಿಂದ ಸ್ವಲ್ಪ ಒಳಗೆ, ಒಂದು ಸಣ್ಣ ಕಂಪನಿ ಇತ್ತು. ಹಣ್ಣಿನ ರಸ ತಿಳಿಯಾಗಲಿ ಅಂತ ಹಾಕುವ ಎಂಜೈಮನ್ನು ಅಲ್ಲಿ ಮಾಡುತ್ತಿದ್ದರು. ಎಲ್ಲ ಸೇರಿ ಹನ್ನೊಂದು ಜನ. ನಾನು ಗಾಜಿನ ಸಾಮಾನು ತೊಳೆಯುವವಳು, ನೆಲ ಒರೆಸುವವಳು. ಅಲ್ಲಿದ್ದ ಒಬ್ಬ ಸಾರ್ ಬಗ್ಗೆ ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ಹೆಂಡತಿ, ಮಗಳು ಇದ್ದಾರೆ. ಆ ಹೆಸರು ಒಂದು ಸಲ ಕೆಟ್ಟಿದ್ದು ಸಾಕು.

ದೊಡ್ಡ ಮನುಷ್ಯರೇನಲ್ಲ. ಐವತ್ತರ ಮೇಲೆ ವಯಸ್ಸು, ಕಡ್ಡಿಯಂಥ ಮೈ, ಹಣೆಯ ಮೇಲೆ ಬೆಳಿಗ್ಗೆ ಇಟ್ಟ ವಿಭೂತಿ ಮಧ್ಯಾಹ್ನದೊಳಗೆ ಬೆವರಿಗೆ ಕರಗಿರುತ್ತಿತ್ತು. ಕರೆಂಟು ಹೋದರೆ ಸಿಟ್ಟು. ಕಾಫಿ ಅರ್ಧ ಕುಡಿದು ಲೋಟವನ್ನು ಎಲ್ಲಿ ಬೇಕೋ ಅಲ್ಲಿ ಬಿಟ್ಟು ಹೋಗುವ ಕೆಟ್ಟ ಅಭ್ಯಾಸ. ಎರಡು ದಿನಕ್ಕೆ ಅದರಲ್ಲಿ ಬೂಷ್ಟು ಕಟ್ಟುತ್ತಿತ್ತು. ನಾನು ತೊಳೆಯಲು ಎತ್ತಿಕೊಂಡರೆ ಓಡಿ ಬರುತ್ತಿದ್ದರು.

“ಅಮ್ಮ, ಅದೊಂದು ಬಿಡಿ. ಇನ್ನೊಂದಿನ ನೋಡೋಣ.”

“ಏನ್ ನೋಡ್ತೀರ ಸಾರ್, ಗಬ್ಬು ನಾರ್ತಿದೆ.”

“ನಾರ್ಲಿ ಬಿಡಿ. ಈ ಕಂಪನೀಲಿ ನನ್ನ ಮಾತು ಕೇಳದೆ ಬೆಳೀತಿರೋದು ಅದೊಂದೇ.”

ಅವರ ಕೆಲಸವೇ ಬೂಷ್ಟು ಬೆಳೆಸುವುದು. ಕೊಳೆತ ಈರುಳ್ಳಿಯ ಸಿಪ್ಪೆ ಮೇಲೆ ಕಪ್ಪಗೆ ಪುಡಿಪುಡಿ ಕಾಣುತ್ತದಲ್ಲ, ಆ ಜಾತಿ. ಗೋಧಿ ಬೂಸಾ ಹಾಕಿದ ನೀರನ್ನು ಗಾಜಿನ ಫ್ಲಾಸ್ಕಿಗೆ ತುಂಬಿ, ಬಾಯಿಗೆ ಹತ್ತಿ ಗಿಡಿದು, ದೊಡ್ಡ ಕುಕ್ಕರಿನಲ್ಲಿ ಬೇಯಿಸಿ, ಆರಿದ ಮೇಲೆ ಆ ಕಪ್ಪು ಪುಡಿಯನ್ನು ಒಂದಿಷ್ಟು ಬಿಡುತ್ತಿದ್ದರು. ಆಮೇಲೆ ಫ್ಲಾಸ್ಕುಗಳನ್ನು ಒಂದು ಅಲುಗಾಡುವ ಮೇಜಿನ ಮೇಲೆ ಕೂರಿಸುತ್ತಿದ್ದರು. ಮೇಜು ಐದು ದಿನ ಹಗಲು ರಾತ್ರಿ ಅಲುಗಾಡುತ್ತಿತ್ತು. ಬೂಷ್ಟು ಬೆಳೆಯುತ್ತ ನೀರಿಗೆ ಎಂಜೈಮ್ ಬಿಡುತ್ತಿತ್ತು. ಅದೇ ಕಂಪನಿಯ ಸರಕು.

ತೊಂದರೆ ಏನೆಂದರೆ ಬೂಷ್ಟು ಗೋಲಿ ಗೋಲಿಯಾಗಿ ಸುತ್ತಿಕೊಳ್ಳುತ್ತಿತ್ತು. ಅದು ನನಗೆ ಅರ್ಥವಾದದ್ದು ಊಟದ ಹೊತ್ತಿನಲ್ಲಿ. ಅವರದು ಚಪಾತಿ ಡಬ್ಬಿ, ನನ್ನದು ಮುದ್ದೆ, ಬಸ್ಸಾರು.

“ಅಮ್ಮ, ನಿಮ್ಮ ಮುದ್ದೇಲಿ ಒಂದು ಗಂಟೂ ಇರಲ್ಲ, ಹೆಂಗೆ?”

“ಕೋಲು ತಿರುಗಿಸೋ ಕೈಲಿರತ್ತೆ ಸಾರ್.”

“ನಾನೂ ಮೂರು ವರ್ಷದಿಂದ ತಿರುಗಿಸ್ತಾನೇ ಇದೀನಿ. ನನ್ನ ಗಂಟು ಹೋಗ್ತಾ ಇಲ್ಲ.”

ಗಂಟಿನ ಒಳಗೆ ಹಸಿ ಹಿಟ್ಟು ಉಳಿಯುವ ಹಾಗೆ ಬೂಷ್ಟಿನ ಗೋಲಿಯ ಒಳಗೂ ಗಾಳಿ ಹೋಗುವುದಿಲ್ಲ, ಊಟ ಹೋಗುವುದಿಲ್ಲ, ಒಳಗಿನದು ಸಾಯುತ್ತದೆ, ಮೇಲಿನ ಸಿಪ್ಪೆ ಮಾತ್ರ ಕೆಲಸ ಮಾಡುತ್ತದೆ ಅಂತ ಹೇಳಿದರು. ಹಾಗಂತ ಪೂರ್ತಿ ಬಿಡಿಬಿಡಿಯಾಗಿ ಬೆಳೆದರೆ ನೀರು ಗಂಜಿಯಾಗಿ, ಅದಕ್ಕೂ ಗಾಳಿ ಸಿಗುವುದಿಲ್ಲ. ಸಣ್ಣ ಸಣ್ಣ ಕಾಳಾಗಬೇಕು. “ಅದೇ ಬೂಷ್ಟು, ಅದೇ ಊಟ. ಆಕಾರ ಒಂದು ಬದಲಾದ್ರೆ ಸಾಕಮ್ಮ, ಎರಡರಷ್ಟು ಕೊಡತ್ತೆ.” ಇದನ್ನು ಅವರು ಹೇಳದ ದಿನ ಇರಲಿಲ್ಲ.

ಅಳೆಯಲು ಅವರ ಹತ್ತಿರ ಯಂತ್ರ ಇತ್ತು. ಆದರೂ ಮೊದಲು ನನ್ನನ್ನು ಕರೆಯುತ್ತಿದ್ದರು. ಫ್ಲಾಸ್ಕನ್ನು ಕಿಟಕಿಯ ಬೆಳಕಿಗೆ ಹಿಡಿದು, “ಇದು ಏನಿದ್ದಂಗಿದೆ, ನೋಡಿ ಹೇಳಿ” ಅನ್ನುತ್ತಿದ್ದರು. ನಾನು ಕಡಲೆಕಾಳು ಅಂದರೆ ಕಡಲೆಕಾಳು ಅಂತಲೇ ಪುಸ್ತಕದಲ್ಲಿ ಬರೆಯುತ್ತಿದ್ದರು. ಸಾಬಕ್ಕಿ ಅಂದರೆ ಸಾಬಕ್ಕಿ. ಪಕ್ಕದ ಕೋಣೆಯ ಹುಡುಗರು ನಗುತ್ತಿದ್ದರು. “ಏನ್ ಸಾರ್, ಇವತ್ತು ಅಡಿಗೆಗೆ ಏನು? ಕಡಲೆ ಹುಳೀನಾ?” ಅವರು ತಲೆ ಎತ್ತದೆ, “ರಾಗಿ ಬಂದ ದಿನ ಹೇಳ್ತೀನಿ, ಊಟಕ್ಕೆ ಬನ್ನಿ” ಅನ್ನುತ್ತಿದ್ದರು. ಮೂರು ವರ್ಷದಲ್ಲಿ ರಾಗಿ ಬಂದಿರಲಿಲ್ಲ.

ಪುಸ್ತಕದಲ್ಲಿ ಏನನ್ನೂ ಅಳಿಸುತ್ತಿರಲಿಲ್ಲ. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕಕ್ಕೆ ಸರಿಯಾದ್ದು ಬರೆಯುತ್ತಿದ್ದರು. ಕಾರಣ ತಿಳಿಯದಿದ್ದರೆ ‘ಗೊತ್ತಿಲ್ಲ’ ಅಂತ ಬರೆಯುತ್ತಿದ್ದರು. ಓದಿದ ಮನುಷ್ಯ ಗೊತ್ತಿಲ್ಲ ಅಂತ ಬರೆದು ಕೆಳಗೆ ಸಹಿ ಮಾಡಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಆ ವರ್ಷ ಮಾಲೀಕರು ಗಡುವು ಹಾಕಿದ್ದರು. ಮಾವಿನ ಕಾಲ ಶುರುವಾಗುವುದರೊಳಗೆ ಎಂಜೈಮ್ ಹೆಚ್ಚು ಬರಬೇಕು. ಇಲ್ಲದಿದ್ದರೆ ಹೊರಗಿನಿಂದ ತಯಾರಿ ಮಾಲು ತರಿಸಿ ಬಾಟಲಿಗೆ ತುಂಬಿ ಮಾರುತ್ತೇವೆ, ಬೂಷ್ಟಿನ ಕೋಣೆ ಮುಚ್ಚುತ್ತೇವೆ ಅಂದರು.

ಶಿವರಾತ್ರಿ ಕಳೆದ ವಾರ ಅದು. ಬೋರ್‌ವೆಲ್ ಬತ್ತಿತ್ತು. ಟ್ಯಾಂಕರು ಬರಲಿಲ್ಲ. ಸಾರ್ ಬೆಳಿಗ್ಗೆಯೇ ಬಂದು, ಹತ್ತು ಗಂಟೆಗೆ ಆರು ಫ್ಲಾಸ್ಕು ಬೇಕು ಅಂತ ಹೇಳಿ ಒಳಗೆ ಹೋದರು. ಆರರಲ್ಲೂ ಹಳೆಯ ಬೂಷ್ಟು ಒಣಗಿ ಕಪ್ಪು ಬಳೆಯಂತೆ ಅಂಟಿತ್ತು. ಸೋಪಿನ ನೀರಿನಲ್ಲಿ ಉಜ್ಜಿ, ಐದು ಸಲ ನಲ್ಲಿ ನೀರಿನಲ್ಲಿ, ಒಂದು ಸಲ ಮೆಷಿನ್ನಿನಲ್ಲಿ ಶುದ್ಧ ಮಾಡಿದ ನೀರಿನಲ್ಲಿ ತೊಳೆಯಬೇಕು ಅಂತ ಗೋಡೆಯ ಮೇಲೆ ನಿಯಮ ಅಂಟಿಸಿದ್ದರು. ನನ್ನ ಹತ್ತಿರ ಇದ್ದದ್ದು ಅರ್ಧ ಕೊಡ ನೀರು. ಸೋಪು ಹಾಕಿದರೆ ನೊರೆ ತೆಗೆಯಲೂ ಸಾಲದು.

ಸಿಂಕಿನ ಕೆಳಗೆ ರಂಗೋಲಿ ಪುಡಿಯ ಡಬ್ಬ ಇತ್ತು. ಮಾಲೀಕರಿಗೆ ಕಂಪನಿ ಬಾಗಿಲಿಗೆ ದಿನಾ ರಂಗೋಲಿ ಬೇಕು, ಅದನ್ನೂ ನಾನೇ ಹಾಕುತ್ತಿದ್ದೆ. ಬಳಪದ ಕಲ್ಲಿನ ಪುಡಿ ಅದು, ನುಣ್ಣಗಿರುತ್ತದೆ. ಮನೆಯಲ್ಲಿ ನೀರಿಲ್ಲದ ದಿನ ಅದರಲ್ಲೇ ಪಾತ್ರೆ ತಿಕ್ಕಿದವಳು ನಾನು. ತೆಂಗಿನ ನಾರಿಗೆ ಪುಡಿ ಹಚ್ಚಿ ಆರು ಫ್ಲಾಸ್ಕನ್ನೂ ತಿಕ್ಕಿದೆ. ಒಂದೊಂದಕ್ಕೆ ಒಂದೊಂದು ಲೋಟ ನೀರು ಹಾಕಿ ಕುಲುಕಿ ಬೋರಲು ಹಾಕಿದೆ. ಅಡಿಯಲ್ಲಿ ಬೆಳ್ಳಗೆ ಉಳಿದದ್ದು ಕಂಡಿತು. ಕಂಡೂ ಬಿಟ್ಟೆ. ಹೇಗೂ ಕುಕ್ಕರಿನಲ್ಲಿ ಬೇಯುತ್ತದೆ, ಏನಾಗುತ್ತದೆ ಅಂದುಕೊಂಡೆ. ಮೇಲೆ ಬೂಸಾ ನೀರು ಬಿದ್ದ ಮೇಲೆ ಯಾರಿಗೂ ಕಾಣಲಿಲ್ಲ.

ಐದು ದಿನದ ಮೇಲೆ ಸಾರ್ ಕೂಗಿದ್ದು ಗೇಟಿನವರೆಗೂ ಕೇಳಿಸಿತು.

“ಅಮ್ಮ! ಬನ್ನಿ ಇಲ್ಲಿ! ಇದು ಏನಿದ್ದಂಗಿದೆ?”

ನೋಡಿದೆ. ಬಗ್ಗಿ ಇನ್ನೊಮ್ಮೆ ನೋಡಿದೆ.

“ರಾಗಿ ಸಾರ್.”

ಆರರಲ್ಲೂ ರಾಗಿ. ಅವರು ಆ ನೀರನ್ನು ಸೋಸಿ ಸೀಬೆಹಣ್ಣಿನ ರಸಕ್ಕೆ ಬಿಟ್ಟರು. ಮುಂಚೆ ಅರ್ಧ ದಿನ ಹಿಡಿಯುತ್ತಿದ್ದದ್ದು ಕಾಫಿ ಕುಡಿದು ಬರುವುದರೊಳಗೆ ತಿಳಿಯಾಗಿ, ಲೋಟದ ಆಚೆ ಇಟ್ಟ ಪೇಪರಿನ ಅಕ್ಷರ ಈಚೆಯಿಂದ ಕಾಣಿಸಿತು. ಮತ್ತೆ ಮತ್ತೆ ಅಳೆದರು. ನಗುತ್ತಿದ್ದ ಹುಡುಗರೇ “ಸಖತ್ ಸಾರ್” ಅಂತ ಕೈ ಕುಲುಕಿದರು. ಸಾರ್ ಬೇಕರಿಯಿಂದ ಬೆಣ್ಣೆ ಬಿಸ್ಕತ್ತು ತರಿಸಿ ಎಲ್ಲರಿಗೂ ಕೊಟ್ಟರು. ಮಾಲೀಕರು ಅಂದೇ ಜ್ಯೂಸ್ ಫ್ಯಾಕ್ಟರಿಯವರಿಗೆ ಫೋನ್ ಮಾಡಿ ಮಾತು ಕೊಟ್ಟುಬಿಟ್ಟರು.

ಸಂಜೆ ಸಾರ್ ಪುಸ್ತಕ ಹಿಡಿದು ಒಬ್ಬೊಬ್ಬರನ್ನೇ ಕೇಳುತ್ತ ಬಂದರು. ಆವತ್ತು ಏನಾದರೂ ಬೇರೆ ಮಾಡಿದಿರಾ? ಬೂಸಾ ಬೇರೆಯಾ? ಕರೆಂಟು ಹೋಗಿತ್ತಾ? ನನ್ನ ಹತ್ತಿರವೂ ಬಂದರು.

“ನೀವಮ್ಮ? ಫ್ಲಾಸ್ಕು ತೊಳೆಯೋದ್ರಲ್ಲಿ ಏನಾದ್ರೂ?”

ನನಗಿಂತ ಮುಂಚೆ ತೊಳೆಯುತ್ತಿದ್ದವಳನ್ನು, ಒಂದು ಫ್ಲಾಸ್ಕಿನಲ್ಲಿ ಸೋಪು ಉಳಿಸಿದ್ದಕ್ಕೆ, ಮಾಲೀಕರು ಮಧ್ಯಾಹ್ನದ ಊಟಕ್ಕೂ ನಿಲ್ಲಿಸದೆ ಕಳಿಸಿದ್ದರು. ನನ್ನ ಮಗಳು ಗಂಡನನ್ನು ಬಿಟ್ಟು ಮಗು ಎತ್ತಿಕೊಂಡು ಬಂದಿದ್ದ ವರ್ಷ ಅದು.

“ಯಾವಾಗ್ಲೂ ತೊಳೆಯೋ ಹಂಗೇ ತೊಳೆದೆ ಸಾರ್.”

ಅವರು ಬರೆದುಕೊಂಡು ನನಗೇ ಓದಿ ಹೇಳಿದರು. “ಫ್ಲಾಸ್ಕು ತೊಳೆದದ್ದು: ಎಂದಿನಂತೆ.”

ಮುಂದಿನ ವಾರ ಹನ್ನೆರಡು ಫ್ಲಾಸ್ಕು ಹಾಕಿದರು. ನಾನು ಸೋಪು ಹಾಕಿ, ಐದು ಸಲ, ಆರು ಸಲ ತೊಳೆದುಕೊಟ್ಟೆ. ಕಡಲೆಕಾಳು ಬಂತು. ಅದರ ಮುಂದಿನ ವಾರವೂ ಅಷ್ಟೇ. ಮೇಜಿನ ವೇಗ ಬದಲಾಯಿಸಿದರು, ಕಪ್ಪು ಪುಡಿ ಹೆಚ್ಚು ಬಿಟ್ಟರು, ಕಡಿಮೆ ಬಿಟ್ಟರು, ಬೂಸಾದ ಅಂಗಡಿ ಬದಲಾಯಿಸಿದರು. ಆವತ್ತು ಹಾಕಿಕೊಂಡಿದ್ದ ಅಂಗಿಯನ್ನೇ ಹಾಕಿಕೊಂಡು ಬಂದರು ಒಂದು ದಿನ. ನಗಲೆಂದು ಹೇಳುತ್ತಿಲ್ಲ. ಆ ಸ್ಥಿತಿಗೆ ಬಂದಿದ್ದರು.

ಎರಡನೇ ಸಲ ಕೇಳಿದರು. “ಅಮ್ಮ, ಆವತ್ತು ಟ್ಯಾಂಕರ್ ಬಂದಿರ್ಲಿಲ್ಲ ಅಲ್ವಾ?”

“ಆಮೇಲೆ ಬಂತು ಸಾರ್.”

ಮೂರನೇ ಸಲ ಕೇಳುವ ಹೊತ್ತಿಗೆ ಮಾವಿನಕಾಯಿ ಮಾರ್ಕೆಟ್ಟಿಗೆ ಬಂದಾಗಿತ್ತು. “ತಪ್ಪಾಗಿದ್ರೆ ಹೇಳಿ, ನಾನು ಬೈಯಲ್ಲ. ಹೇಳ್ದಿದ್ರೆ ನಾನು ದಾರಿ ತಪ್ತೀನಿ” ಅಂದರು. ಆವಾಗ ಹೇಳಬೇಕಿತ್ತು. ಇಷ್ಟು ದಿನ ಮುಚ್ಚಿಟ್ಟದ್ದು ಬೇರೆ ಸೇರಿಕೊಂಡು ಬಾಯಿ ಇನ್ನೂ ಕಟ್ಟಿಹೋಯಿತು. ಇಲ್ಲ ಸಾರ್ ಅಂದೆ.

ಮಾಲೀಕರು ಎಲ್ಲರನ್ನೂ ದೊಡ್ಡ ಕೋಣೆಗೆ ಕರೆಸಿದರು. ಜ್ಯೂಸ್ ಫ್ಯಾಕ್ಟರಿಯಿಂದ ಬಂದಿದ್ದ ಇಬ್ಬರೂ ಕೂತಿದ್ದರು. ನಾನು ಬಾಗಿಲಲ್ಲಿ ನೆಲ ಒರೆಸುವ ಕೋಲು ಹಿಡಿದು ನಿಂತಿದ್ದೆ.

“ಒಂದು ಸಲ ಬಂದಿದ್ದು ಇನ್ನೊಂದು ಸಲ ಯಾಕೆ ಬರಲ್ಲ? ಸಂಬಳ ತಗೊಂಡು ಕತೆ ಬರೀತಿದ್ರಾ? ಎಲ್ಲರ ಮುಂದೆ ಹೇಳಿ, ಅಳೀದೆ ನೀವೇ ಹಾಕಿದ ನಂಬರ್ ತಾನೇ ಅದು?” ಅಂತ ಮಾಲೀಕರು ಸಾರ್ ಅವರನ್ನು ಕೇಳಿದರು.

“ಬಂದಿತ್ತು ಸಾರ್,” ಅಂದರು ನಮ್ಮ ಸಾರ್. “ಯಾಕೆ ಬಂತು ಗೊತ್ತಿಲ್ಲ. ಗೊತ್ತಿಲ್ಲ ಅಂತಾನೇ ಬರೆದಿದೀನಿ.”

ಯಾರೋ ಕಿಸಕ್ಕನೆ ನಕ್ಕರು. ಯಾರು ಅಂತ ಸಾರ್ ತಿರುಗಿಯೂ ನೋಡಲಿಲ್ಲ. ಬಿಸ್ಕತ್ತು ತಿಂದವರಲ್ಲಿ ಒಬ್ಬರಾದರೂ, ನಾವೂ ಕಣ್ಣಾರೆ ನೋಡಿದೆವು ಅನ್ನಲಿಲ್ಲ. ನಾನೂ ಅನ್ನಲಿಲ್ಲ.

ಎರಡು ದಿನದಲ್ಲಿ ಅವರು ಕಂಪನಿ ಬಿಟ್ಟು ಹೊರಟರು. ಕೈಯಲ್ಲಿ ಊಟದ ಚೀಲ ಒಂದೇ. ಸಿಂಕಿನ ಹತ್ತಿರ ಬಂದು, “ನಿಮ್ಮ ಗಾಜು ಚೆನ್ನಾಗಿರ್ತಿತ್ತಮ್ಮ. ಎಲ್ಲದರ ಮೇಲೂ ಅನುಮಾನ ಪಟ್ಟೆ, ನಿಮ್ಮ ಮಾತೊಂದನ್ನ ನಂಬಿದೆ” ಅಂದರು. ನಾನು ನಲ್ಲಿ ಜೋರಾಗಿ ತಿರುಗಿಸಿದೆ.

ಅವರನ್ನು ಮತ್ತೆ ನೋಡಿದ್ದು ಗಣೇಶನ ಹಬ್ಬದ ಹಿಂದಿನ ವಾರ, ಬನಶಂಕರಿ ಬಸ್ ಸ್ಟ್ಯಾಂಡಿನಲ್ಲಿ. ಇನ್ನೂ ಬಡವಾಗಿದ್ದರು. ಪದ್ಮನಾಭನಗರದಲ್ಲಿ ಮನೆ, ಅಲ್ಲೇ ಮೂರನೇ ಮಹಡಿಯ ಒಂದು ಟ್ಯೂಷನ್ ಸೆಂಟರಿನಲ್ಲಿ ಪಿಯುಸಿ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ ಅಂದರು. ಬೇರೆ ಕಂಪನಿಗೆ ಹೋಗಬಾರದಾ ಅಂತ ಕೇಳಿದೆ.

“ಕೇಳಿದ ಕಡೆಯೆಲ್ಲ ನಮ್ಮ ಹಳೇ ಕಂಪನಿಗೆ ಫೋನ್ ಮಾಡ್ತಾರಮ್ಮ. ಅಲ್ಲಿಂದ ಏನ್ ಹೇಳ್ತಾರೆ ಗೊತ್ತಲ್ಲ.” ಬಂದ ಬಸ್ಸೊಂದರ ಬೋರ್ಡು ಓದಿದರು. “ಅದು ಹೋಗ್ಲಿ ಬಿಡಿ. ಮಕ್ಕಳಿಗೆ, ಬಂದಿದ್ದನ್ನೇ ಬರೀರಿ, ಇಲ್ಲದ್ದು ಬರೀಬೇಡಿ ಅಂತೀನಿ. ಈಗ ನನಗೇ ಅನುಮಾನ ಅಮ್ಮ. ನಿಜವಾಗ್ಲೂ ರಾಗಿ ಬಂದಿತ್ತಾ? ನಾನೇ ಬೇಕು ಬೇಕು ಅಂತ ಹಂಗೆ ಕಂಡ್ನಾ?”

ಅದನ್ನು ಕೇಳಿಕೊಂಡು ಸುಮ್ಮನಿರಲು ನನ್ನಿಂದ ಆಗಲಿಲ್ಲ. ಹೇಳಿಬಿಟ್ಟೆ. ನೀರಿಲ್ಲದ್ದು, ರಂಗೋಲಿ ಪುಡಿ, ಅಡಿಯಲ್ಲಿ ಉಳಿದದ್ದು, ಎಲ್ಲ.

ಅವರು ಚೀಲವನ್ನು ನೆಲದ ಮೇಲಿಟ್ಟರು. ಬೈಯುತ್ತಾರೆ ಅಂತ ಕಾದೆ.

“ಎಷ್ಟು?”

“ಏನು ಎಷ್ಟು ಸಾರ್?”

“ಪುಡಿ! ಅಡಿಯಲ್ಲಿ ಎಷ್ಟು ಉಳಿದಿತ್ತು? ಒಂದು ಚಿಟಿಕೆನಾ, ಎರಡಾ?”

“ಎರಡಿರಬಹುದು.”

“ಬಳಪದ ಪುಡಿ!” ಅಂತ ಜೋರಾಗಿ ನಕ್ಕರು. ಬಸ್ಸಿಗೆ ಕಾಯುತ್ತಿದ್ದವರು ತಿರುಗಿ ನೋಡಿದರು. “ಚಪಾತಿ ಲಟ್ಟಿಸೋವಾಗ ಒಣಹಿಟ್ಟು ಉದುರಿಸ್ತೀರಲ್ಲಮ್ಮ, ಒಂದಕ್ಕೊಂದು ಅಂಟಬಾರದು ಅಂತ. ಹಂಗೇ ಇದು. ಬೂಷ್ಟಿನ ಮಧ್ಯೆ ಪುಡಿ ಕೂತ್ಕೊಂಡಿದೆ. ಗಂಟು ಕಟ್ಟೋಕೆ ಬಿಟ್ಟಿಲ್ಲ. ಎಷ್ಟು ಸುಲಭ! ಎಷ್ಟು ಸುಲಭ ಇತ್ತು!”

ಆಮೇಲೆ ನಗು ನಿಂತಿತು.

“ಮೂರು ಸಲ ಕೇಳಿದ್ನಲ್ಲಮ್ಮ.”

“ಹೌದು.”

“ಕೆಲಸ ಹೋಗತ್ತೆ ಅಂತಾನಾ?”

“ಹೌದು.”

“ಹೋಗ್ತಿತ್ತು,” ಅಂದರು. “ನಾನು ಉಳಿಸ್ತಿದ್ದೆ ಅಂತ ಹೇಳಕ್ಕಾಗಲ್ಲ.”

ಅಷ್ಟೇ ಬೈಗುಳ. ಬಸ್ ಟಿಕೆಟಿನ ಹಿಂದೆ ಮನೆ ವಿಳಾಸ ಬರೆದುಕೊಟ್ಟರು. ಭಾನುವಾರ ಬನ್ನಿ, ಹೇಗೆ ತಿಕ್ಕಿದಿರಿ ಹಾಗೇ ತಿಕ್ಕಿ ತೋರಿಸಿ, ಮನೆಯಲ್ಲೇ ಹಾಕಿ ನೋಡೋಣ, ರಾಗಿ ಬಂದರೆ ಇಬ್ಬರೂ ಹೋಗಿ ಕಂಪನಿಯಲ್ಲಿ ಹೇಳೋಣ ಅಂದರು. ಆಗಲಿ ಅಂದೆ.

ಭಾನುವಾರ ಹೋಗಲಿಲ್ಲ. ಜ್ವರ ಇತ್ತು ಅಂತ ಬರೆಯಬಹುದು. ಇರಲಿಲ್ಲ. ಅವರ ಜೊತೆ ಮಾಲೀಕರ ಮುಂದೆ ನಿಲ್ಲಬೇಕಲ್ಲ ಅಂತ ಹೆದರಿಕೆ. ಇಡೀ ದಿನ ಮನೆಯಲ್ಲಿ ಅಕ್ಕಿ ಆರಿಸುತ್ತ ಕೂತಿದ್ದೆ. ಮುಂದಿನ ಭಾನುವಾರ ಹೋದರಾಯಿತು ಅಂದುಕೊಂಡೆ.

ಬುಧವಾರ ಊಟದ ಹೊತ್ತಿನಲ್ಲಿ ಹುಡುಗರು ಫೋನು ನೋಡಿ ಮಾತಾಡಿಕೊಂಡರು. ಹಿಂದಿನ ದಿನ ಟ್ಯೂಷನ್ ಸೆಂಟರಿನ ಮೆಟ್ಟಿಲು ಹತ್ತುವಾಗ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲವಂತೆ. “ಪಾಪ,” ಅಂದ ಒಬ್ಬ. ಇನ್ನೊಬ್ಬ, “ಒಳ್ಳೇ ಮನುಷ್ಯ ಗುರು, ಆ ನಂಬರ್ ಒಂದು ಬರೀಬಾರದಿತ್ತು” ಅಂದ.

ಮುಂದಿನ ವಾರ, ಗುರುವಾರ ಕೆಲಸ ಮುಗಿಸಿ, ಆ ಟಿಕೆಟು ಹಿಡಿದು ಪದ್ಮನಾಭನಗರಕ್ಕೆ ಹೋದೆ. ಹೆಂಡತಿ ಬಾಗಿಲು ತೆಗೆದರು. ಕಂಪನಿಯವಳು ಅಂದ ಕೂಡಲೇ ಮುಖ ಗಟ್ಟಿಯಾಯಿತು. ಆದರೂ ಕರೆದು ಕೂರಿಸಿದರು. ಕೂತಲ್ಲಿಂದ ಅಡಿಗೆಮನೆ ಕಿಟಕಿ ಕಾಣುತ್ತಿತ್ತು. ಅಲ್ಲಿ ಸಾಲಾಗಿ ನಾಲ್ಕು ಜಾಮ್ ಬಾಟಲಿ, ಬಾಯಿಗೆ ಹತ್ತಿ.

“ಏನದು?” ಅಂತ ಗೊತ್ತಿದ್ದೂ ಕೇಳಿದೆ.

“ಏನೋಪ್ಪ. ಭಾನುವಾರ ಒಬ್ಬಮ್ಮ ಬರ್ತಾರೆ, ಉಪ್ಪಿಟ್ಟು ಜಾಸ್ತಿ ಮಾಡು ಅಂದ್ರು. ಸಂಜೆವರೆಗೂ ಬಾಗಿಲು ನೋಡ್ತಾ ಕೂತ್ರು. ಯಾರೂ ಬರ್ಲಿಲ್ಲ. ಆಮೇಲೆ ಅವರೇ ಕುಕ್ಕರಲ್ಲಿ ಏನೋ ಬೇಯ್ಸಿ, ಈರುಳ್ಳಿ ಸಿಪ್ಪೆ ಮೇಲಿನ ಕಪ್ಪು ಪುಡಿ ಉದುರ್ಸಿ, ನನ್ನ ರಂಗೋಲಿ ಪುಡಿ ಎಲ್ಲ ಹಾಕಿ, ಗಂಟೆಗೊಂದ್ಸಲ ಎದ್ದು ಅಲ್ಲಾಡ್ಸೋರು. ಬಿಸಾಕೋಕೆ ಮನಸ್ಸು ಬರ್ತಿಲ್ಲ.”

ಎದ್ದು ಹೋಗಿ ನೋಡಿದೆ. ಅಲ್ಲಾಡಿಸುವವರು ಇಲ್ಲದೆ ಬೂಷ್ಟು ನೀರಿನ ಮೇಲೆ ದಪ್ಪ ಕೆನೆಯಾಗಿ ಕಟ್ಟಿತ್ತು. ಅದರ ಕೆಳಗೆ, ಬಾಟಲಿಯ ಅಡಿಯಲ್ಲಿ, ಪುಡಿ ಒಂದು ಬೆರಳು ದಪ್ಪ ಕೂತಿತ್ತು. ಬಹಳ ಜಾಸ್ತಿ ಹಾಕಿದ್ದರು. ಎರಡು ಚಿಟಿಕೆ ಅಂದರೆ ನನ್ನ ಕೈಯ ಎರಡು ಚಿಟಿಕೆ. ಅವರಿಗೆ ತೋರಿಸಲು ನಾನು ಹೋಗಿರಲಿಲ್ಲ.

“ಆ ಅಮ್ಮ ನಾನೇ,” ಅಂದೆ. ನಿಂತುಕೊಂಡೇ ಎಲ್ಲ ಹೇಳಿದೆ. ಅಳಲಿಲ್ಲ, ಅಳಲು ನನಗೇನು ಹಕ್ಕು.

ಮಗಳು ಕೋಣೆಯ ಬಾಗಿಲಿಗೆ ಬಂದು ನಿಂತಿದ್ದಳು.

“ಹಂಗಾದ್ರೆ ಇವರು ಸುಳ್ಳು ಬರೆದಿರ್ಲಿಲ್ಲ,” ಅಂದರು ಹೆಂಡತಿ.

“ಇಲ್ಲಮ್ಮ.”

“ಬಂದಿತ್ತು ಕಣೇ, ಬಂದಿತ್ತು ಅಂತ ದಿನಾ ಅನ್ನೋರು. ಒಂದಿನ ರೇಗಿ, ಬಂದಿದ್ರೆ ತೋರಿಸ್ಬೇಕಿತ್ತು ಅಂದ್ಬಿಟ್ಟೆ. ಆಮೇಲೆ ನನ್ನ ಹತ್ರ ಆ ಮಾತು ಎತ್ತಲೇ ಇಲ್ಲ.” ಸೆರಗಿನಿಂದ ಮುಖ ಒರೆಸಿಕೊಂಡು ನನ್ನನ್ನು ನೋಡಿದರು. “ಇದನ್ನ ನನಗೆ ಹೇಳಿ ಏನ್ ಬಂತಮ್ಮ? ಹೇಳ್ಬೇಕಾದೋರಿಗೆ ಹೇಳಿದ್ರಾ?”

ಇಲ್ಲ ಅಂದೆ.

ಮರುದಿನ ಬೆಳಿಗ್ಗೆ ಎಂಟೂವರೆಗೆ ಕಂಪನಿಗೆ ಹೋಗಿ, ಬಟ್ಟೆ ಬದಲಾಯಿಸದೆ, ಮಾಲೀಕರ ಕೋಣೆ ಮುಂದೆ ನಿಂತೆ. ಅವರು ಒಂಬತ್ತೂಕಾಲಿಗೆ ಬಂದರು.

“ಏನಮ್ಮ, ಕೆಲಸ ಇಲ್ವಾ?”

“ಆ ಸಾರ್ ವಿಷಯ ಒಂದು ಹೇಳ್ಬೇಕಿತ್ತು.”

“ಒಳಗೆ ಬಾ, ಹೇಳು.”

“ಒಳಗೆ ಬೇಡ,” ಅಂದೆ. “ಆವತ್ತು ದೊಡ್ಡ ಕೋಣೇಲಿ ಯಾರ್ಯಾರು ಇದ್ರೋ ಅವರನ್ನೆಲ್ಲ ಕರೀರಿ. ಜ್ಯೂಸ್ ಫ್ಯಾಕ್ಟರಿಯೋರಿಗೂ ಫೋನ್ ಮಾಡಿ. ಅವರು ಬರೋವರೆಗೂ ನಾನು ಇಲ್ಲೇ ನಿಂತಿರ್ತೀನಿ.”